ಬ್ಲೀಚು ಕುಡಿದ ಕೌದಿ

ಇವತ್ತು ಬೆಳಿಗ್ಗೆ ನನ್ನ ತಮ್ಮನ ವ್ಯಾನು ಅಂಗಡಿಯ ಮುಂದೆ ಬಂದು ನಿಂತಿತು. ಹಿಂದಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಒದ್ದೆ ಜೀನ್ಸ್ ಪ್ಯಾಂಟುಗಳ ರಾಶಿ. ಅದರಿಂದ ಎದ್ದ ಬ್ಲೀಚಿನ ವಾಸನೆ ನೇರವಾಗಿ ನನ್ನ ಮೂಗಿಗೇ ಬಂತು. ಬಳ್ಳಾರಿಯವರಿಗೆ ಇದೇನು ಹೊಸ ವಾಸನೆಯಲ್ಲ. ಜೀನ್ಸ್ ಹೊಲಿಯುವ ಊರು ಇದು, ಹೊಲಿದದ್ದನ್ನು ಒಗೆದು ಬಣ್ಣ ಇಳಿಸುವ ಊರು. ಹೊಲಿಗೆಯವರಿಗೆ ದಾರ, ಜಿಪ್ಪು, ಗುಂಡಿ ಮಾರುತ್ತ ನಾನು ಇದೇ ವಾಸನೆಯಲ್ಲಿ ಉಂಡಿದ್ದೇನೆ, ಮಲಗಿದ್ದೇನೆ, ಗಂಡನನ್ನು ಕಳೆದುಕೊಂಡು ಅತ್ತಿದ್ದೇನೆ. ಆದರೆ ಆರು ವರ್ಷದಿಂದ ಈಚೆಗೆ ಅದು ಬಂದರೆ ಮೈಯೆಲ್ಲ ಉರಿಯುತ್ತದೆ.

"ಗಾಡಿ ಮುಂದಕ್ಕ ಒಯ್ಯಲೇ!" ಎಂದು ಕೂಗಿದೆ.

ತಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇನ್ನಾ ಅದನ್ನ ಹಿಡ್ಕೊಂಡು ಕುಂತೀಯೇನಕ್ಕ?" ಎಂದ.

ಹೌದು, ಹಿಡಿದುಕೊಂಡೇ ಕೂತಿದ್ದೇನೆ. ಬಿಡುವ ಮಾತೇ ಇಲ್ಲ. ಒಳಮನೆಯ ಟ್ರಂಕಿನಲ್ಲಿ ಒಂದು ಕೌದಿ ಇದೆ. ಜೀನ್ಸ್ ಚಿಂದಿಗಳನ್ನು ಸೇರಿಸಿ ಹೊಲಿದದ್ದು. ನೋಡಿದವರೆಲ್ಲ "ಎಷ್ಟು ಚೆಂದ ಬಣ್ಣ ಐತಿ" ಅನ್ನುತ್ತಾರೆ. ಆ ಬಣ್ಣ ನನ್ನ ತಮ್ಮನ ವಾಷಿಂಗ್ ಯೂನಿಟ್ಟಿನಲ್ಲಿ ಬಂದದ್ದು. ಆ ಕೌದಿಯನ್ನು ಅಲ್ಲಿಗೆ ಕಳಿಸಿದವಳು ನಾನು. ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಮುಚ್ಚಿಟ್ಟು ಅಯ್ಯೋ ಪಾಪ ಅನ್ನಿಸಿಕೊಳ್ಳುವ ಆಸೆ ನನಗಿಲ್ಲ.

ಆ ಕೌದಿ ನಮ್ಮ ಮೇಲಿನ ಮನೆಯವನದು. ಅವನ ಹೆಸರು ಇಲ್ಲಿ ಬೇಡ. ಮಹಡಿಯ ಮೇಲಿನ ಒಂದೂವರೆ ಕೋಣೆಯಲ್ಲಿ ಬಾಡಿಗೆಗೆ ಇದ್ದ, ಮೇಲಿನ ಮನೆಯವನು ಅಂದರೆ ಸಾಕು. ಕುರುಗೋಡಿನಿಂದ ಬಂದಾಗ ಅವನ ಜೊತೆಗೆ ಬಂದದ್ದು ಎರಡು ಟ್ರಂಕು, ಅವ್ವನ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಕಂಪ್ಯೂಟರು, ಮತ್ತೆ ಆ ಅವ್ವ. ಅಪ್ಪ ಇರಲಿಲ್ಲ. ಅಕ್ಕನೊಬ್ಬಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ವಯಸ್ಸು ಮೂವತ್ತೈದರ ಆಜುಬಾಜು, ಎಣ್ಣೆ ಕಾಣದ ತಲೆ, ಬಳ್ಳಾರಿಯ ಬಿಸಿಲಿನಲ್ಲೂ ಕಾಲಿಗೆ ಚಪ್ಪಲಿ ಇಲ್ಲ. ಯಾವುದೋ ಕಂಪನಿಯ ಕೆಲಸವನ್ನು ಮನೆಯಲ್ಲೇ ಕೂತು ಮಾಡುತ್ತಿದ್ದ. "ಅದು ಹೊಟ್ಟಿಗೆ, ಅಕ್ಕಾರ" ಎನ್ನುತ್ತಿದ್ದ. ಹೊಟ್ಟೆಯ ಕೆಲಸ ಮಧ್ಯಾಹ್ನಕ್ಕೆ ಮುಗಿದ ಮೇಲೆ ಅವನ ಅಸಲಿ ಕೆಲಸ ಶುರುವಾಗುತ್ತಿತ್ತು. ಕಂಪ್ಯೂಟರಿಗೆ ಹೊಸ ಹೊಸ ಭಾಷೆ ಕಟ್ಟುವುದು.

ಭಾಷೆ ಅಂದರೆ ನಾವು ಆಡುವುದಲ್ಲ. ಇದು ಮಾಡು, ಅದು ಎಣಿಸು, ಇಲ್ಲಿ ನಿಲ್ಲು ಎಂದು ಮಷೀನಿಗೆ ಹೇಳುವ ಭಾಷೆ. ಜಗತ್ತಿನಲ್ಲಿ ಅಂಥವು ಬೇಕಾದಷ್ಟು ಇವೆಯಂತೆ, ಕಂಪನಿಗಳು ಅವುಗಳಲ್ಲೇ ಬದುಕುತ್ತವಂತೆ. ಇವನು ಕಟ್ಟುತ್ತಿದ್ದವು ಯಾವ ಕಂಪನಿಗೂ ಬೇಡವಾದವು. ಒಂದು ಭಾಷೆಯೊಳಗೆ ನಮ್ಮೂರ ಬೇಸಿಗೆಯನ್ನೇ ತಂದಿಟ್ಟಿದ್ದ. ಬಿಸಿಲು ಏರಿದಂತೆ ಅದರಲ್ಲಿ ಬರೆದ ಲೆಕ್ಕ ನಿಧಾನವಾಗುತ್ತಿತ್ತು, ಒಂದು ಗಂಟೆಯಿಂದ ನಾಲ್ಕರವರೆಗೆ ಮಷೀನು ಮಲಗಿಬಿಡುತ್ತಿತ್ತು, ಎಬ್ಬಿಸಿದರೆ ಬೈಯುತ್ತಿತ್ತು. ಇನ್ನೊಂದನ್ನು ಅಕ್ಕನ ಊರಿನ ಅಕ್ಕಿ ಗಿರಣಿ ನೋಡಿ ಕಟ್ಟಿದ್ದ. ಅದರಲ್ಲಿ ಯಾವ ಅಂಕಿಯನ್ನೂ ಹಸಿಯಾಗಿ ಬಳಸುವಂತಿಲ್ಲ. ಭತ್ತದ ಹಾಗೆ ನೆನೆಸಬೇಕು, ಬೇಯಿಸಬೇಕು, ಒಣಗಿಸಬೇಕು, ಆಮೇಲೆ ಗಿರಣಿಗೆ ಹಾಕಬೇಕು. ಎರಡಕ್ಕೆ ಎರಡು ಕೂಡಿಸಲು ಒಂದೂವರೆ ಪುಟ ಬೇಕಿತ್ತು. ತೌಡು ತೆಗೆಯುವುದನ್ನು ಮರೆತರೆ ಗಿರಣಿ ಕಟ್ಟಿಕೊಂಡು ನಿಲ್ಲುತ್ತಿತ್ತು.

"ಇದರಿಂದ ಏನಪ್ಪ ಉಪಯೋಗ?" ಎಂದು ಕೇಳಿದ್ದೆ. ಓಣಿಯವರೆಲ್ಲ ಕೇಳುವ ಪ್ರಶ್ನೆಯೇ ಅದು.

"ಏನೂ ಇಲ್ರೀ," ಎಂದ, ನಗುತ್ತ. "ಅದಕ್ಕ ಮಾಡಾಕತ್ತೀನಿ."

ಎಷ್ಟು ಸಿಟ್ಟು ಬಂದಿತ್ತು ಆ ಉತ್ತರಕ್ಕೆ! ಬುದ್ಧಿ ಇದ್ದೂ ಹೀಗೆ ಮಣ್ಣುಪಾಲು ಮಾಡುತ್ತಾನಲ್ಲ ಎಂದು. ದೂರದ ಯಾವುದೋ ಚಳಿ ದೇಶಗಳಲ್ಲಿ ಇವನಂಥವೇ ನಾಲ್ಕು ಹುಚ್ಚು ತಲೆಗಳಿದ್ದವು. ಅವು ಪತ್ರ ಬರೆದರೆ ಇವನಿಗೆ ಹಬ್ಬ. ಕೊಳಗಲ್ಲಿನಿಂದ ಒಮ್ಮೆ ಹೆಣ್ಣಿನ ಕಡೆಯವರು ಬಂದರು. ಹುಡುಗಿಯ ಅಪ್ಪ, "ನಿಮ್ಮ ಕೆಲಸ ಏನ್ರಿ?" ಎಂದು ಕೇಳಿದರೆ ಈ ಪುಣ್ಯಾತ್ಮ ಕಂಪನಿಯ ಹೆಸರು ಹೇಳಬೇಕೋ ಬೇಡವೋ? ಮಧ್ಯಾಹ್ನ ಮಲಗುವ ಭಾಷೆಯ ವಿಷಯ ಅರ್ಧ ತಾಸು ಹೇಳಿದ. ಅವರು ಒಗ್ಗರಣೆ ಮಂಡಕ್ಕಿ ಅರ್ಧಕ್ಕೇ ಬಿಟ್ಟು ಎದ್ದರು. ಓಣಿ ಬಿದ್ದು ಬಿದ್ದು ನಕ್ಕಿತು. ನನ್ನ ತಮ್ಮ ಅವನಿಗೆ 'ಗಿರಣಿ' ಅಂತ ಹೆಸರಿಟ್ಟ. ನಾನೂ ನಕ್ಕೆ... ಆ ನಗು ನೆನಪಾದರೆ ಇವತ್ತು ನನ್ನ ಬಾಯಿಗೆ ನಾನೇ ಎರಡು ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ಅವನನ್ನು ನೋಡಿ ನಗದವಳು ಅವನ ಅವ್ವ ಒಬ್ಬಳೇ. ಅಕ್ಷರ ಬಾರದ ಹೆಂಗಸು. ಸಕ್ಕರೆ ಕಾಯಿಲೆ, ಎಡಗಣ್ಣು ಮಂಜು. ಆದರೆ ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಹೊಲಿಗೆ ಯೂನಿಟ್ಟುಗಳು ಎಸೆಯುವ ಜೀನ್ಸ್ ಚಿಂದಿ ಆರಿಸಿ ತಂದು ಕೌದಿ ಹೊಲಿಯುತ್ತಿದ್ದಳು. ದಾರ ನನ್ನದು. ಕೌದಿಯನ್ನು ಅವಳು ಒಂದು ಮೂಲೆಯಿಂದ ಶುರು ಮಾಡಿ ಅಂಚಿನಲ್ಲೇ ಸುತ್ತು ಬರುತ್ತ ಬರುತ್ತ ಒಳಗೆ ಹೋಗುತ್ತಿದ್ದಳು. ಸುತ್ತು ಸಣ್ಣದಾಗುತ್ತ ಹೋಗಿ ಕೊನೆಗೆ ನಟ್ಟನಡುವೆ ಒಂದು ಅಂಗೈಯಷ್ಟು ಜಾಗ ಉಳಿಯುತ್ತಿತ್ತು. ಅಲ್ಲಿ ಒಂದು ಹಿಡಿ ಜೋಳದ ಕಾಳು ಇಟ್ಟು, ಮೇಲೆ ಕೆಂಪು ಬಟ್ಟೆ ಮುಚ್ಚಿ ಹೊಲಿಯುತ್ತಿದ್ದಳು. ಅದಕ್ಕೆ ತುತ್ತು ಅನ್ನುತ್ತಿದ್ದಳು. ಕೌದಿಯ ಹೊಟ್ಟೆ ಖಾಲಿ ಬಿಟ್ಟರೆ ಹೊದ್ದವರಿಗೆ ಹಸಿವು ಹತ್ತುತ್ತದೆ, ಅವಳ ತವರಿನ ಕಡೆಯ ನಂಬಿಕೆ ಅದು. ತುತ್ತು ಮುಚ್ಚುವ ತನಕ ಕೌದಿಯನ್ನು ಯಾರಿಗೂ ಬಿಡಿಸಿ ತೋರಿಸುವಂತಿಲ್ಲ, ದೃಷ್ಟಿಯಾಗುತ್ತದೆ.

ಅವ್ವ ಚಿಂದಿಯ ಒಂದೊಂದು ನೀಲಿಗೆ ಒಂದೊಂದು ಹೆಸರಿಟ್ಟಿದ್ದಳು. ಕಾಗಿನೀಲಿ, ಬದನಿನೀಲಿ, ಮಳಿಮೋಡ, ಮಂಡಿ ಸವೆದ ಪ್ಯಾಂಟಿನ ಬಣ್ಣಕ್ಕೆ ಮೊಣಕಾಲು, ಎಲ್ಲಕ್ಕಿಂತ ತಿಳಿಯಾದದ್ದಕ್ಕೆ ಹಾಲುನೀಲಿ. ಒಟ್ಟು ಏಳು. ಮಗ ಅದನ್ನು ಎಷ್ಟು ದಿನ ನೋಡಿದನೋ, ಒಂದು ದಿನ ಮೆಟ್ಟಿಲು ಧಡಧಡ ಇಳಿದು ಅಂಗಡಿಗೆ ಬಂದು, "ಅಕ್ಕಾರ, ಭಾಷಿ ಮನ್ಯಾಗ ಐತ್ರಿ, ನಾ ಹೊರಗ ಹುಡುಕಾಕತ್ತಿದ್ದೆ" ಎಂದ.

ಹಾಗೆ ಹುಟ್ಟಿದ್ದು ಕೌದಿಭಾಷೆ. ಅದರಲ್ಲಿ ಬರೆಯುವುದು ಅಂದರೆ ಹೊಲಿಯುವುದು. ಏಳು ನೀಲಿ, ಏಳು ಮಾತು. ಕಾಗಿನೀಲಿ ಅಂದರೆ ತಗೋ, ಬದನಿನೀಲಿ ಅಂದರೆ ಇಡು, ಮೊಣಕಾಲು ಅಂದರೆ ಇನ್ನೊಮ್ಮೆ ಮಾಡು, ಹಾಲುನೀಲಿ ಅಂದರೆ ಸುಮ್ಮನಿರು. ಕೌದಿಯ ಮೇಲೆ ಫೋನು ಹಿಡಿದರೆ ಅದು ಮೂಲೆಯಿಂದ ಹೊರಟು ಸುತ್ತು ಸುತ್ತಿ ನಡುವಿಗೆ ಬಂದು, ಓದಿದ್ದನ್ನು ಬಾಯಿಬಿಟ್ಟು ಹೇಳುತ್ತಿತ್ತು. ಅಕ್ಷರ ಬೇಡ, ಅವ್ವನಿಗೆ ಬಾರದಲ್ಲ, ಬರೀ ದನಿ. ಯಾವ ದನಿಗೆ ಯಾವ ಯಾವ ಚಿಂದಿ ಸಾಲಾಗಿ ಬರಬೇಕು ಎಂಬುದನ್ನು ಒಂದು ಬಟ್ಟೆಯ ಮೇಲೆ ಹೊಲಿದು ಅವಳಿಗೆ ಕಲಿಸಿದ. ನಡುವೆ ಕೆಂಪು ತುತ್ತು ಕಾಣದಿದ್ದರೆ ಮಾತ್ರ ಮಷೀನು ಏನೂ ಓದದೆ, ಅವ್ವನದೇ ಧಾಟಿಯಲ್ಲಿ, "ಹೊಟ್ಟಿ ಖಾಲಿ ಐತಿ" ಎಂದು ಕೂತುಬಿಡುತ್ತಿತ್ತು.

ಮೊದಲು ಒಂದು ತೊಟ್ಟಿಲ ಕೌದಿ ಹೊಲಿಸಿದ. ಒಂದರಿಂದ ಒಂಬತ್ತು ಎಣಿಸಬೇಕು, ಅಷ್ಟೆ. ನನ್ನನ್ನೂ ಮೇಲೆ ಕರೆದರು. ಫೋನು ಹಿಡಿದ. ಅದು ಒಂದು, ಎರಡು, ಮೂರು ಎಂದು ಚೆನ್ನಾಗೇ ಹೋಯಿತು. ಒಂಬತ್ತಕ್ಕೆ ಬಂದದ್ದೇ ಒಂಬತ್ತು, ಒಂಬತ್ತು, ಒಂಬತ್ತು... ನಿಲ್ಲಲೇ ಇಲ್ಲ. ಅವನು ಗಾಬರಿಯಾಗಿ ಚಿಂದಿ ಎಣಿಸಿ ನೋಡಿದರೆ, ಒಂದು ಕಡೆ ಮಳಿಮೋಡ ಇರಬೇಕಾದಲ್ಲಿ ಮೊಣಕಾಲು ಕೂತಿತ್ತು.

"ಯವ್ವಾ, ಇಲ್ಲಿ ಯಾಕ ಬದಲಿ ಮಾಡಿದಿ?"

"ಎರಡು ಕರೇವು ಒಂದರ ಪಕ್ಕ ಒಂದು ಚಂದ ಕಾಣಲಿಲ್ಲಪ," ಎಂದಳು ಅವ್ವ.

ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಫೋನು ಇನ್ನೂ ಒಂಬತ್ತು ಅನ್ನುತ್ತಲೇ ಇತ್ತು. ಮೊದಲು ನಗು ನಿಲ್ಲಿಸಿದವಳು ಅವ್ವ. ಆ ಚಿಂದಿಯನ್ನು ಬೆರಳಿನಿಂದ ಸವರಿ ನೋಡಿ, "ಅಂದ್ರ ನಾ ಹಚ್ಚಿದ್ದನ್ನ ಅದು ಮಾತಾಡ್ತೈತಿ" ಎಂದಳು. ಆ ಹೊತ್ತಿನ ಅವಳ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅರವತ್ತು ದಾಟಿದ ಹೆಂಗಸಿಗೆ ಮೊದಲ ಸಲ ಬರೆಯಲು ಬಂದಿತ್ತು.

ಉಪಯೋಗ ಏನು ಎಂದು ಆಮೇಲೆ ನಾನು ಕೇಳಲಿಲ್ಲ.

ಆ ವಾರವೇ ಅವಳು ತನ್ನದೇ ಒಂದು ದೊಡ್ಡ ಕೌದಿ ಹಿಡಿದಳು. ಮಗನಿಗೆ ತೋರಿಸಲಿಲ್ಲ. ಅವನು ಕೇಳಿದರೆ, "ತುತ್ತು ಮುಚ್ಚಿದ ಮ್ಯಾಲೆ" ಎನ್ನುತ್ತಿದ್ದಳು. ಎಂಟು ತಿಂಗಳು ಹೊಲಿದಳು. ಮಂಜುಗಣ್ಣಿಗೆ ಒಳಗಿನ ಬೆಳಕು ಸಾಲದೆ ಬೆಳಿಗ್ಗೆ ನನ್ನ ಅಂಗಡಿಯ ಕಟ್ಟೆಗೆ ಬಂದು ಕೂತು, ಒಂದೊಂದೇ ಚಿಂದಿ ಎತ್ತಿ ಹಿಡಿದು, "ತಂಗಿ, ಇದು ಬದನಿನೋ ಕಾಗಿನೋ ನೋಡವ್ವ" ಎಂದು ಕೇಳುತ್ತಿದ್ದಳು. ನಾನು ಗಿರಾಕಿಗಳ ನಡುವೆ ನೋಡಿ ಹೇಳುತ್ತಿದ್ದೆ. ಒಂದು ದಿನ ಕೇಳಿದೆ, ಅಂಥದ್ದೇನು ಹೊಲಿಯುತ್ತಿದ್ದೀ, ಎರಡು ಸಲ ಬಿಚ್ಚಿ ಮತ್ತೆ ಹಾಕಿದೆಯಲ್ಲ ಎಂದು.

"ಅವಗ ಒಂದು ಮಾತು ಹೇಳೋದೈತಿ," ಎಂದಳು. ಸೂಜಿಗೆ ದಾರ ಪೋಣಿಸಲು ನನ್ನ ಕಡೆ ಚಾಚಿದಳು. "ಬಾಯಿಲೆ ಹೇಳಾಕ ಬರಲ್ಲ ಅದು."

ನಾನು ದಾರ ಪೋಣಿಸಿ ಕೊಟ್ಟೆ. ಏನು ಮಾತು ಎಂದು ಕೇಳಲಿಲ್ಲ. ಕೇಳಬೇಕಿತ್ತು! ಊರ ಉಸಾಬರಿಗೆಲ್ಲ ಮೂಗು ತೂರಿಸುವವಳು ನಾನು, ಆ ಒಂದು ದಿನ ನನಗೆಲ್ಲಿಯ ಮರ್ಯಾದೆ ಬಂದು ಅಡ್ಡ ಕೂತಿತೋ.

ತುತ್ತು ಮುಚ್ಚಿದ ಮರುದಿನವೇ ಅವ್ವನಿಗೆ ಜ್ವರ ಬಂತು. ಕಾಲಿನ ಗಾಯ ನಂಜಾಗಿತ್ತು, ಯಾರಿಗೂ ತೋರಿಸಿರಲಿಲ್ಲ. ದೊಡ್ಡಾಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಚಳಿ ಎಂದು ಅದೇ ಕೌದಿ ಹೊದ್ದುಕೊಂಡಳು. ಅವನು ಫೋನು ತೆಗೆದರೆ, "ಈಗ ಬ್ಯಾಡ. ಮನಿಗಿ ಹೋದ ಮ್ಯಾಲೆ ಕೇಳು" ಎಂದಳಂತೆ. ಐದು ದಿನ ಇದ್ದಳು. ಮನೆಗೆ ಬಂದದ್ದು ಕೌದಿ ಮಾತ್ರ.

ಫೋಟೊ ಹೊಡೆದಿರಲಿಲ್ಲವೇ ಎಂದು ಇವತ್ತಿಗೂ ಜನ ಕೇಳುತ್ತಾರೆ. ಇಡೀ ಜಗತ್ತು ತಿನ್ನುವ ಅನ್ನದ ಫೋಟೊ ಹೊಡೆಯುತ್ತದೆ, ಕಂಪ್ಯೂಟರಿನವನಾಗಿ ಇವನು ಇಷ್ಟು ಮಾಡಬಾರದಿತ್ತೇ ಎಂದು. ಅವನ ಮೇಲೆ ನನಗಿರುವ ಸಿಟ್ಟುಗಳಲ್ಲಿ ಅದೂ ಒಂದು. ಆದರೆ ಅವ್ವ ಬೇಡ ಅಂದಿದ್ದಳು, ಅವನು ಮುಟ್ಟಲಿಲ್ಲ. ಸತ್ತ ಮೇಲೂ ಕೌದಿಯನ್ನು ಮಡಿಚಿ ಅವಳ ಮಂಚದ ಮೇಲಿಟ್ಟು, "ದಿನ ಮುಗೀಲಿ ಅಕ್ಕಾರ, ಕಾರ್ಯ ಮಾಡಿ ಬಂದು ಸಮಾಧಾನಲೆ ಕುಂತು ಕೇಳ್ತೀನಿ" ಎಂದು ನನಗೆ ಹೇಳಿದ. ನನಗೆ. ಬಾಯಿಬಿಟ್ಟು, ಎದುರಿಗೆ ನಿಂತು. ಮಣ್ಣು ಮಾಡಲು ಕುರುಗೋಡಿಗೆ ಹೋದವನು ಕಾರ್ಯದ ತನಕ ಅಲ್ಲೇ ಉಳಿದ.

ಸಿರುಗುಪ್ಪದ ಅಕ್ಕ ಮಾತ್ರ ನಡುವೆ ಒಂದು ದಿನ ಬಂದಳು. ಸತ್ತವರ ಹಾಸಿಗೆ ಬಟ್ಟೆ ಒಗೆಸದೆ ಮನೆಯಲ್ಲಿ ದೀಪ ಹಚ್ಚಬಾರದು, ಅವಳ ಗಂಡನ ಮನೆಯ ಪದ್ಧತಿ. ಸೀರೆ, ಚಾದರ, ದಿಂಬಿನ ಗವಸು ಎಲ್ಲ ಸೇರಿಸಿ ದೊಡ್ಡ ಗಂಟು ಕಟ್ಟಿದಳು. ಅವಳಿಗೆ ಕೌದಿಭಾಷೆ ಗೊತ್ತಿಲ್ಲ, ತಮ್ಮನ ಯಾವ ಭಾಷೆಯೂ ಗೊತ್ತಿಲ್ಲ, ಅವಳನ್ನು ಏನೆಂದು ಬೈಯಲಿ? "ಅಕ್ಕಾರ, ಒಗಿಯೋರಿಗೆ ಕೊಡಬೇಕಿತ್ತು" ಎಂದಳು. ನನ್ನ ತಮ್ಮನ ವ್ಯಾನು ಬಾಗಿಲಲ್ಲೇ ನಿಂತಿತ್ತು. ಗಂಟು ಎತ್ತಿ ಕೊಟ್ಟವಳು ನಾನು. ಗಂಟಿನ ಸಂದಿಯಲ್ಲಿ ನೀಲಿ ಮೂಲೆಯೊಂದು ಹೊರಗೆ ಇಣುಕುತ್ತಿತ್ತು. ನೋಡಿದೆ. ಕಾಗಿನೀಲಿ ಎಂದು ಕೂಡ ಗುರುತಿಸಿದೆ. ನೀರಿನಲ್ಲಿ ಒಗೆದರೆ ಏನಾಗುತ್ತದೆ, ಆಸ್ಪತ್ರೆಯ ವಾಸನೆ ಹೋಗಲಿ, ಅವನು ಬರುವಷ್ಟರಲ್ಲಿ ಹಸನಾಗಿರಲಿ ಅಂದುಕೊಂಡೆ. ಮೂವತ್ತು ವರ್ಷ ಜೀನ್ಸಿನವರ ನಡುವೆ ಬಾಳಿದವಳಿಗೆ ಬ್ಲೀಚಿನ ನೆನಪು ಬರಲಿಲ್ಲ.

ಯೂನಿಟ್ಟಿನ ವಾಷಿಂಗ್ ಮಾಸ್ತರ ಗಂಟು ಬಿಚ್ಚಿದ. ಸೀರೆ, ಚಾದರಗಳನ್ನು ಸಾದಾ ನೀರಿಗೆ ಹಾಕಿದ. ಕೌದಿ ಜೀನ್ಸಿನದು ಎಂದು ಕಂಡು, ಓನರ ಅಕ್ಕನ ಮನೆಯದು ಎಂದು ಪ್ರೀತಿಯಿಂದ, ಆ ದಿನ ತಿಳಿನೀಲಿ ಮಾಡಬೇಕಿದ್ದ ಪ್ಯಾಂಟುಗಳ ಲಾಟಿನ ಜೊತೆಗೆ ಬ್ಲೀಚಿಗೆ ಬಿಟ್ಟ. ಮೂರು ಸಲ. ಚಿಂದಿಗಳ ಬಣ್ಣ ಒಂದೇ ಸಮ ಬರುತ್ತಿರಲಿಲ್ಲವಂತೆ, ಸಮ ಬರುವ ತನಕ ಬಿಡಲಿಲ್ಲವಂತೆ. ಕೆಲಸಗಾರನೆಂದರೆ ಅವನು! ತಮ್ಮ ಅದನ್ನು ಇಸ್ತ್ರಿ ಮಾಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದು ನನ್ನ ಕೌಂಟರಿನ ಮೇಲೆ ಹರಡಿದ.

"ನೋಡಕ್ಕ, ಎಂಥಾ ಕಲರ್ ಬಂದೈತಿ! ಎಲ್ಲಾ ಒಂದ ಮ್ಯಾಚ್. ಮೊದಲ ಏಳು ಥರ ಇತ್ತು, ಹುಚ್ಚರ ಕೌದಿ ಆಗಿತ್ತು."

ನನ್ನ ಕೈಯಲ್ಲಿ ಕತ್ತರಿ ಇತ್ತು. ಎಸೆದೆ. ಅವನಿಗೆ ತಾಗಲಿಲ್ಲ, ಗಾಜಿನ ಕಪಾಟಿಗೆ ತಾಗಿತು. ಮಾಸ್ತರನನ್ನು ಕರೆಸಿ ಓಣಿಗೆ ಕೇಳುವಂತೆ ಬೈದೆ. ಅವನು ಗಡಿಯಾಚೆಯ ತೆಲುಗಿನವನು, "ಏಮಾಯಿಂದಿ ಅಕ್ಕಾ, ಚಿನಿಗಿಂದಾ?" ಎಂದು ಮತ್ತೆ ಮತ್ತೆ ಕೌದಿ ತಿರುವಿ ಹಾಕಿ ಎಲ್ಲಿ ಹರಿದಿದೆ ಎಂದು ಹುಡುಕುತ್ತಿದ್ದ. ಎಲ್ಲೂ ಹರಿದಿರಲಿಲ್ಲ. ಒಂದು ಹೊಲಿಗೆ ಕೂಡ ಬಿಚ್ಚಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ ನಾನು ಬೈಯುತ್ತಲೇ ಇದ್ದೆ.

ಕಾರ್ಯ ಮುಗಿಸಿ ಅವನು ಬಂದ. ತಲೆ ಬೋಳಿಸಿದ್ದರು, ಗುರುತೇ ಸಿಗದಂತಾಗಿದ್ದ. ಮೆಟ್ಟಿಲ ಬುಡದಲ್ಲೇ ಎಲ್ಲ ಹೇಳಿದೆ. ಗಂಟು ಕೊಟ್ಟವಳು ನಾನು, ನೀಲಿ ಮೂಲೆ ಕಂಡಿತ್ತು, ಆದರೂ ಕೊಟ್ಟೆ ಎಂದು ಬಿಡಿಸಿ ಹೇಳಿದೆ. ಅವನು ಕೇಳಿಸಿಕೊಂಡ. ಕೌದಿ ತೆಗೆದುಕೊಂಡು ಮೇಲೆ ಹೋದ. ನಾನೂ ಹಿಂದೆ ಹೋದೆ. ಅವ್ವನ ಮಂಚದ ಮೇಲೆ ಹಾಸಿ, ಒಂದು ಸುಕ್ಕು ಇಲ್ಲದಂತೆ ಎಳೆದು, ಮೂಲೆಯಿಂದ ಫೋನು ಹಿಡಿದ.

ನಮ್ಮ ಕಣ್ಣಿಗೆ ಕಾಣದ ವ್ಯತ್ಯಾಸ ಮಷೀನಿಗೆ ಕಂಡೀತು ಎಂದು ನನಗೆ ಆಸೆ. ಫೋನು ಮೊದಲ ಸುತ್ತು ಹೋಯಿತು. ದನಿ ಇಲ್ಲ. ಎರಡನೆಯದು, ಮೂರನೆಯದು... ಎಲ್ಲ ಚಿಂದಿಯೂ ಅದಕ್ಕೆ ಹಾಲುನೀಲಿಯೇ. ಸುಮ್ಮನಿರು, ಸುಮ್ಮನಿರು, ಸುಮ್ಮನಿರು ಎಂದು ಓದುತ್ತ ಓದುತ್ತ ನಡುವಿಗೆ ಬಂತು. ಹೊಟ್ಟಿ ಖಾಲಿ ಐತಿ ಎಂದಾದರೂ ಅನ್ನುತ್ತದೇನೋ, ಅವ್ವನ ಧಾಟಿಯಲ್ಲಿ ಅಷ್ಟಾದರೂ ಕೇಳುತ್ತದೇನೋ ಅಂದುಕೊಂಡೆ. ಕೆಂಪು ಬಟ್ಟೆ ಗುಲಾಬಿಯಾಗಿ ಉಳಿದಿತ್ತು, ಮಷೀನಿಗೆ ತುತ್ತು ಸಿಕ್ಕಿತು. ತಕರಾರಿಲ್ಲದೆ ಮುಗಿಸಿತು. ಕೈಗೆ ಬಂದದ್ದು ಬಾಯಿಗೆ ಬಾರದಿರುವುದನ್ನು ನಾನು ಹಾಗೆ ಎದುರಿಗೆ ನಿಂತು ನೋಡಿದೆ.

ಅವನು ಫೋನು ಜೇಬಿಗೆ ಹಾಕಿಕೊಂಡ. "ನೀವು ಊಟ ಮಾಡ್ರಿ ಅಕ್ಕಾರ, ಹೊತ್ತಾತು," ಎಂದ.

ಅಷ್ಟೇ! ಬೈಯಲಿಲ್ಲ. ಅಳಲಿಲ್ಲ. ನನ್ನ ತಮ್ಮನ ಕಾಲರ್ ಹಿಡಿಯಲಿಲ್ಲ. ಒಂದು ತಿಂಗಳು ಹೊಟ್ಟೆಯ ಕೆಲಸ ಮಾತ್ರ ಮಾಡಿದ. ಆಮೇಲೆ ಒಂದು ದಿನ ಟ್ರಂಕು ಕಟ್ಟಿ, ಸಿರುಗುಪ್ಪಕ್ಕೆ ಹೋಗುತ್ತೇನೆ, ಅಕ್ಕನ ಊರಿನ ಗಿರಣಿಯಲ್ಲಿ ತೂಕದ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಇದೆ ಎಂದ. ಕೌದಿಯನ್ನು ನನ್ನ ಕೌಂಟರಿನ ಮೇಲಿಟ್ಟು, "ಇದು ನಿಮ್ಮ ಹಂತೇಕ ಇರಲಿ" ಎಂದು ಹೋದ. ಕೌದಿಭಾಷೆ, ಬಿಸಿಲಿನ ಭಾಷೆ, ಗಿರಣಿಯ ಭಾಷೆ ಎಲ್ಲವನ್ನೂ ಅಳಿಸಿದ್ದನೆಂದು ಆಮೇಲೆ ಗೊತ್ತಾಯಿತು. ಚಳಿ ದೇಶದ ಅವನ ಗೆಳೆಯರು ಯಾಕೆ ಎಂದು ಕೇಳಿ ಬರೆದರಂತೆ, ಉತ್ತರ ಕೊಡಲಿಲ್ಲವಂತೆ. ಓಣಿಯವರು, "ಅಂತೂ ಬುದ್ಧಿ ಬಂತು, ಉಪಯೋಗದ ಕೆಲಸ ಹಿಡಿದ" ಎಂದರು. ಅವರ ನಾಲಿಗೆ ಸೇದಿಹೋಗಲಿ.

ಈ ಆರು ವರ್ಷ ನಾನು ಸುಮ್ಮನೆ ಕೂತಿರಲಿಲ್ಲ. ಕಟ್ಟೆಯ ಮೇಲೆ ಕೂತು ಅವ್ವನಿಗೆ ಬಣ್ಣ ಹೇಳಿದವಳು ನಾನೇ ಅಲ್ಲವೇ? ಒಂದೊಂದೇ ನೆನಪು ಮಾಡಿಕೊಂಡೆ. ದಾರದ ಬಣ್ಣ ಯಾವುದಿತ್ತು, ಆ ದಿನ ಯಾವ ಗಿರಾಕಿ ಇದ್ದ, ಅವಳು ಏನನ್ನು ಎತ್ತಿ ಹಿಡಿದಿದ್ದಳು... ನಡುವಿನ ಸುತ್ತುಗಳೆಲ್ಲ ಕಲಸಿಹೋಗಿದ್ದವು. ಆದರೆ ಮೊದಲ ದಿನ ಅವಳು ಕೇಳಿದ ಹನ್ನೊಂದು ಚಿಂದಿ ಮಾತ್ರ ಸಾಲಾಗಿ ಬಂದವು. ಮೂರು ಕಾಗಿನೀಲಿ, ಒಂದು ಬದನಿ, ಒಂದು ಮೊಣಕಾಲು, ಎರಡು ಮಳಿಮೋಡ, ಹೀಗೆ. ತಪ್ಪಿಲ್ಲ, ಆಣೆ ಮಾಡಿ ಹೇಳಬಲ್ಲೆ. ಒಂದು ಮಾತಿನ ಮೊದಲ ಎರಡು ದನಿ ಸಿಕ್ಕರೂ ಮಗನಾದವನು ಉಳಿದದ್ದನ್ನು ಊಹಿಸಿಯಾನು. ಹಾಗಂದುಕೊಂಡು ಕಳೆದ ತಿಂಗಳು ಕೌದಿಯನ್ನು ಬಗಲಲ್ಲಿ ಹಿಡಿದು ಸಿರುಗುಪ್ಪದ ಬಸ್ಸು ಹತ್ತಿದೆ. ತೆಕ್ಕಲಕೋಟೆ ದಾಟುವ ತನಕ ಬಾಯಲ್ಲಿ ಅದನ್ನೇ ಹೇಳಿಕೊಳ್ಳುತ್ತಿದ್ದೆ, ಪಕ್ಕದವಳು ನಾನು ಜಪ ಮಾಡುತ್ತಿದ್ದೇನೆ ಎಂದು ಕಾಲು ಮಡಿಚಿ ಜಾಗ ಬಿಟ್ಟಳು.

ಗಿರಣಿಯ ಅಂಗಳದಲ್ಲಿ ಬೆಂದ ಭತ್ತ ಹರಡಿದ್ದರು. ಅವನು ಗಾಜಿನ ಕೋಣೆಯಲ್ಲಿ ಲಾರಿಗಳ ತೂಕ ಬರೆಯುತ್ತ ಕೂತಿದ್ದ. ಮೈ ತುಂಬಿಕೊಂಡಿದ್ದ, ಕಾಲಲ್ಲಿ ಚಪ್ಪಲಿ ಇತ್ತು. ನನ್ನನ್ನು ಕಂಡು ಎದ್ದು ಬಂದ. "ಬರ್ರಿ ಅಕ್ಕಾರ, ಬರ್ರಿ," ಎಂದು ಕುರ್ಚಿ ಕೊಟ್ಟ, ಚಹಾ ತರಿಸಿದ. ನಾನು ಕುಡಿಯದೆ, ಹನ್ನೊಂದು ಚಿಂದಿಯನ್ನೂ ಒಂದೇ ಉಸಿರಿಗೆ ಹೇಳಿದೆ.

ಅವನು ಕಣ್ಣು ಮುಚ್ಚಿ ಕೇಳಿದ. ಬೆರಳುಗಳು ಮೇಜಿನ ಮೇಲೆ ಒಂದೊಂದೇ ಚಿಂದಿ ಇಟ್ಟ ಹಾಗೆ ಸರಿಯುತ್ತಿದ್ದವು. ಮುಗಿದ ಮೇಲೆ ಕಣ್ಣು ತೆರೆದ.

"ಅದು ಸುರು ಅಕ್ಕಾರ," ಎಂದ ಮೆಲ್ಲಗೆ. "ಎಲ್ಲಾ ಕೌದಿನೂ ಹಂಗ ಸುರು ಆಗ್ತಾವ. ಕಾಗದದ ಮ್ಯಾಲೆ ಮೊದಲ ಶ್ರೀ ಬರದಂಗ ಅದು. ಮಾತು ಅಲ್ಲಿಂದ ಮುಂದ."

ಆರು ವರ್ಷ ಎದೆಯಲ್ಲಿ ಕಾಪಾಡಿಕೊಂಡು ಬಂದದ್ದು ಏನೂ ಅಲ್ಲ! ತೊಟ್ಟಿಲ ಕೌದಿಯಲ್ಲೂ ಇದ್ದದ್ದೇ ಅದು. ನನಗೆ ಎಲ್ಲಿಂದ ಬಂತೋ ಅಷ್ಟು ಕೋಪ, ಮೇಜು ಗುದ್ದಿದೆ, ಚಹಾ ಚೆಲ್ಲಿತು. "ಬೈಯೋ ನನ್ನ!" ಎಂದು ಕೂಗಿದೆ. "ನಿಮ್ಮವ್ವನ ಮಾತು ನೀರಿಗೆ ಹಾಕಿದಾಕಿ ನಾನು. ಒಂದು ಸಲ ಆದರೂ ಬಾಯಿಬಿಟ್ಟು ಬೈಯೋ!" ಅಂಗಳದಲ್ಲಿ ಭತ್ತ ಎಳೆಯುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು.

ಅವನು ಬಟ್ಟೆ ತಂದು ಚೆಲ್ಲಿದ ಚಹಾ ಒರೆಸಿದ. ಕೌದಿಗೆ ತಾಗದಂತೆ ಅದನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟ.

"ನಾ ಬೈದ್ರ ನಿಮಗ ಹಗುರ ಆಗ್ತೈತ್ರಿ, ಅಕ್ಕಾರ," ಎಂದ. ದನಿ ಏರಲಿಲ್ಲ. "ಹಗುರ ಆಗೋದು ಬ್ಯಾಡ."

ಹೊರಗೆ ಲಾರಿ ಹಾರ್ನ್ ಹೊಡೆಯಿತು. ಅವನು ಹೋಗಿ ತೂಕ ಬರೆಯತೊಡಗಿದ.

ಅವನಿಗೆ ಸಿಟ್ಟೇ ಇಲ್ಲ ಎಂದು ಆರು ವರ್ಷ ಅವನ ಮೇಲೆ ಸಿಟ್ಟಾಗಿದ್ದೆ ನಾನು. ಇತ್ತು. ಬ್ಲೀಚಿಗೂ ಇಳಿಯದಷ್ಟು ಇತ್ತು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಬಾಯಲ್ಲಿ ಹೇಳಿಕೊಳ್ಳಲು ಏನೂ ಇರಲಿಲ್ಲ. ಆ ಹೆಂಗಸು ಎಂಟು ತಿಂಗಳು ಹೊಲಿದ ಮಾತು ಯಾವುದಿತ್ತೋ... ಮದುವೆಯಾಗು ಅಂದಳೋ, ನಿನ್ನ ಭಾಷೆ ಬಿಡಬೇಡ ಅಂದಳೋ, ಯಾವುದಾದರೂ ಹಳೆಯ ತಪ್ಪು ಒಪ್ಪಿಕೊಂಡಳೋ. ಯಾರಿಗೂ ಗೊತ್ತಾಗುವುದಿಲ್ಲ ಇನ್ನು. ಒಂದು ಗಂಟು ಎತ್ತಿ ಕೊಡಲು ನನಗೆ ಹಿಡಿದದ್ದು ಅರ್ಧ ನಿಮಿಷ.

ಇವತ್ತು ವ್ಯಾನು ಹೋದ ಮೇಲೆ ಅಂಗಡಿಯ ಬಾಗಿಲು ಎಳೆದುಕೊಂಡು ಒಳಗೆ ಹೋದೆ. ಟ್ರಂಕು ತೆಗೆದು ಕೌದಿ ಹೊರಗೆ ಹಾಕಿದೆ. ಮಾಳಿಗೆಯ ಬಿಸಿಲಿನಲ್ಲಿ ಎಷ್ಟು ಸಲ ಒಣಗಿಸಿದರೂ ಆ ವಾಸನೆ ಹೋಗಿಲ್ಲ. ನಡುವಿನ ಗುಲಾಬಿ ಬಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿದೆ. ಕಾಳು ಇನ್ನೂ ಇವೆ, ಗಟ್ಟಿಯಾಗಿವೆ. ಇಷ್ಟು ವರ್ಷದ ಜೋಳಕ್ಕೆ ಇಷ್ಟರಲ್ಲಿ ಹುಳ ಹತ್ತಿ ಹಿಟ್ಟಾಗಬೇಕಿತ್ತು. ಹತ್ತಿಲ್ಲ. ಹತ್ತುವುದೂ ಇಲ್ಲ, ಬ್ಲೀಚು ಕುಡಿದ ಜೋಳ ಅದು.